ಅರವತ್ತರ ಮೇಲೊಂದು ಹುಟ್ಟು

ಆರಿದ್ರಾ ಮಳೆ ಹಿಡಿಯಿತೆಂದರೆ ಹೊರನಾಡಿನ ದಾರಿ ಹೆಬ್ಬಾಳೆ ಸೇತುವೆಯ ಮರ್ಜಿಗೆ ಬೀಳುತ್ತದೆ. ಕಳಸದಿಂದ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಇರುವುದು ಸುಮಾರು ಎಂಟು ಕಿಲೋಮೀಟರ್. ಆದರೆ ನಡುವೆ ಭದ್ರೆ ಅಡ್ಡ ಹರಿಯುತ್ತಾಳೆ. ಘಟ್ಟದ ಮೇಲೆ ಒಂದು ರಾತ್ರಿ ಜಡಿಮಳೆ ಹೊಡೆದರೆ ಬೆಳಗಾಗುವಷ್ಟರಲ್ಲಿ ಕೆಂಪು ನೀರು ಸೇತುವೆಯ ಹಲಗೆ ಮುಟ್ಟಿರುತ್ತದೆ. ಮಳೆ ವಿಪರೀತವಾದ ವರ್ಷಗಳಲ್ಲಿ ಸೇತುವೆಯ ಮೇಲೆಯೇ ಹರಿದು, ಹೊರನಾಡಿಗೆ ಹೋಗುವವರು ಹಳುವಳ್ಳಿಯ ಕಡೆಯಿಂದ ಸುತ್ತಿಕೊಂಡು ಹೋಗಬೇಕಾದದ್ದೂ ಉಂಟು. ಆಗೆಲ್ಲ ಕೊಡೆ ಹಿಡಿದ ಜನ ಎರಡೂ ದಡದಲ್ಲಿ ನಿಂತು ನದಿ ನೋಡುತ್ತಾರೆ. ತೇಲಿ ಬರುವ ಮರದ ದಿಮ್ಮಿ, ತೆಂಗಿನಕಾಯಿ, ಯಾರದೋ ತೋಟದ ಬೇಲಿಗೂಟ ಎಲ್ಲವನ್ನೂ ಎಣಿಸುತ್ತಾರೆ. ಮಲೆನಾಡಿನಲ್ಲಿ ಮಳೆಗಾಲದ ನದಿ ಎಂದರೆ ದೂರದಿಂದ ನೋಡುವ ವಸ್ತು.

ಅಂಥ ನದಿಗೆ ಮಳೆಗಾಲದಲ್ಲೇ ಇಳಿಯುವವರ ಒಂದು ಪಂಗಡ ಈಗ ಹುಟ್ಟಿಕೊಂಡಿದೆ. ಕಳಸದಿಂದ ಬಾಳೆಹೊನ್ನೂರಿನ ಕಡೆಗೆ ಸಾಗುವ ಕಾಫಿ ಸೀಮೆಯಲ್ಲಿ, ಮಾಗುಂಡಿಯ ಆಸುಪಾಸಿನಲ್ಲಿ, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗಾಳಿ ತುಂಬಿದ ರಬ್ಬರ್ ದೋಣಿಗಳು ಭದ್ರೆಯ ನೊರೆಯ ಮೇಲೆ ಕುಣಿಯುತ್ತವೆ. ಇದಕ್ಕೆ ರಾಫ್ಟಿಂಗ್ ಎಂದು ಹೆಸರು. ಹೆಚ್ಚಿನವರು ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದ ಹುಡುಗ ಹುಡುಗಿಯರು. ಆದರೆ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದುಕೊಳ್ಳುವವರ ಸಾಲಿನಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ನರೆತ ತಲೆಯೂ ಕಾಣಸಿಗುತ್ತದೆ. ಸುತ್ತಲಿನವರ ಕಣ್ಣೆಲ್ಲ ಅದರ ಮೇಲೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಬಾಯಿಗೆ ಬಾರದಿದ್ದರೂ ಮನಸ್ಸಿಗೆ ಬಂದಿರುತ್ತದೆ.

ಆ ನರೆತ ತಲೆ ಅಲ್ಲಿಗೆ ಬರಬಹುದೇ? ಬಂದರೆ ಏನನ್ನು ತಿಳಿದು ಬರಬೇಕು? ಬಂದವರಿಗೆ ಸಿಗುವುದಾದರೂ ಏನು? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಮೊದಲು ನದಿಯನ್ನು ಅರಿಯಬೇಕು.

ಗಂಗಾಮೂಲದಿಂದ ಇಳಿದು

ಕುದುರೆಮುಖ ಶ್ರೇಣಿಯ ವರಾಹ ಪರ್ವತದಲ್ಲಿರುವ ಗಂಗಾಮೂಲ ತುಂಗೆ, ಭದ್ರೆ, ನೇತ್ರಾವತಿಯರ ತವರು ಎಂಬುದು ನಂಬಿಕೆ. ತುಂಗೆ ಶೃಂಗೇರಿಯ ದಾರಿ ಹಿಡಿಯುತ್ತಾಳೆ, ನೇತ್ರಾವತಿ ಪಡುವಣ ಕಡಲಿಗೆ ಇಳಿಯುತ್ತಾಳೆ. ಭದ್ರೆ ಕುದುರೆಮುಖ, ಕಳಸಗಳನ್ನು ಹಾದು ಬಾಳೆಹೊನ್ನೂರಿನ ಮೇಲೆ ಸಾಗಿ, ಲಕ್ಕವಳ್ಳಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ತಣ್ಣಗಾಗುತ್ತಾಳೆ. ಮುಂದೆ ಕೂಡಲಿಯಲ್ಲಿ ಅಕ್ಕನ ಕೈ ಹಿಡಿದು ತುಂಗಭದ್ರೆಯಾಗುತ್ತಾಳೆ.

ಕುದುರೆಮುಖದ ಕಾಡಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಟ್ಟದ ನೆತ್ತಿಯ ಹುಲ್ಲುಗಾವಲು, ಕಣಿವೆಯ ಮಡಿಲಿನ ಶೋಲಾ ಕಾಡು ಈ ನೀರನ್ನು ಸ್ಪಂಜಿನಂತೆ ಹೀರಿಕೊಂಡು ನಿಧಾನವಾಗಿ ಬಿಡುತ್ತವೆ. ಆದ್ದರಿಂದಲೇ ಮಳೆ ಎರಡು ದಿನ ಹೊಳವಾದರೂ ಭದ್ರೆ ಬತ್ತುವುದಿಲ್ಲ.

ಈ ಸ್ಪಂಜಿನ ಮೇಲೆ ಒಂದು ಕಾಲಕ್ಕೆ ಗಣಿಯ ಗಾಯವಾಗಿತ್ತು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಬೆಟ್ಟ ಅಗೆದು, ಅದಿರನ್ನು ಅರೆದು ನೀರಿನೊಡನೆ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದ ಕಾಲ ಅದು. ಅಗೆದ ಮಣ್ಣಿನ ಒಂದಷ್ಟು ಪಾಲು ಮಳೆಯೊಡನೆ ಭದ್ರೆಗೆ ಇಳಿಯಿತು. ಪರಿಸರಪ್ರಿಯರ ಹೋರಾಟ, ಸುಪ್ರೀಂ ಕೋರ್ಟಿನ ತೀರ್ಪು ಎಲ್ಲ ಮುಗಿದು 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿ ಬರುವ ಮೊದಲಿನ ಭದ್ರೆ, ಗಣಿಯ ಕಾಲದ ಭದ್ರೆ, ಗಣಿ ನಿಂತ ಮೇಲಿನ ಭದ್ರೆ - ಈ ಮೂರನ್ನೂ ಕಣ್ಣಾರೆ ಕಂಡವರು ಕಳಸ, ಸಂಸೆ, ಬಾಳೆಹೊಳೆಯ ಹಿರಿಯರು ಮಾತ್ರ. ದೋಣಿಯಲ್ಲಿ ಕೂತ ಇಪ್ಪತ್ತರ ಹುಡುಗನಿಗೆ ನದಿಯ ಈ ಚರಿತ್ರೆ ಗೊತ್ತಿರಲು ಸಾಧ್ಯವಿಲ್ಲ.

ನದಿಯ ಎಲ್ಲ ಭಾಗವೂ ದೋಣಿಗೆ ಒದಗುವುದಿಲ್ಲ. ಮೇಲ್ಭಾಗ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿದೆ. ಕೆಳಗೆ ಭದ್ರಾ ಅಭಯಾರಣ್ಯ. 1998ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ನಡುವೆ ಉಳಿಯುವುದು ಕಾಫಿ, ಅಡಿಕೆ, ಗದ್ದೆಗಳ ಮಗ್ಗುಲಲ್ಲಿ ಹರಿಯುವ ಊರ ನದಿ. ಅಲ್ಲಿಯೂ ಕೆಲವು ಕಡೆ ಇಳಿಯುವ ಮಾತೇ ಇಲ್ಲ. ಕಳಸದ ಬಳಿಯ ಅಂಬಾತೀರ್ಥ ಅಂಥದೊಂದು ಜಾಗ. ಪಂಚತೀರ್ಥಗಳಲ್ಲಿ ಒಂದಾದ ಇಲ್ಲಿ ಭದ್ರೆ ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗುತ್ತಾಳೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಪ್ರತೀತಿಯಿರುವ ಹೆಬ್ಬಂಡೆ ಇಲ್ಲಿದೆ. ಸಾವಿರಾರು ವರ್ಷಗಳ ನೀರಿನ ಉಜ್ಜಾಟಕ್ಕೆ ಬಂಡೆಗಳಲ್ಲಿ ಕೊಡದಂಥ ಕುಳಿಗಳು ಬಿದ್ದಿವೆ. ನೋಡಲು ಸೊಗಸು, ಇಳಿದರೆ ಅಪಾಯ.

ಬಿಳಿ ನೀರನ್ನು ಓದುವುದು

ನೀರು ಬೆಳ್ಳಗಾಗುವುದು ಯಾಕೆ? ನದಿಯ ಪಾತ್ರ ಇಳಿಜಾರಾಗಿ, ಕಿರಿದಾಗಿ, ಅಡಿಯಲ್ಲಿ ಬಂಡೆಗಳು ಸಿಕ್ಕಿದಾಗ ನೀರಿನ ವೇಗ ಹೆಚ್ಚುತ್ತದೆ. ಬಂಡೆಗೆ ಬಡಿದು ಮಗುಚಿದ ನೀರು ಗಾಳಿಯನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಆ ಗಾಳಿಗುಳ್ಳೆಗಳೇ ನೊರೆ. ನೊರೆ ತುಂಬಿದ ನೀರು ಹಗುರ. ಅದು ಮನುಷ್ಯನನ್ನು ತೇಲಿಸುವ ಶಕ್ತಿಯೂ ಕಡಿಮೆ. ಲೈಫ್ ಜಾಕೆಟ್ ಇಲ್ಲದೆ ಬಿಳಿ ನೀರಿಗಿಳಿದ ಒಳ್ಳೆಯ ಈಜುಗಾರನೂ ಸೋಲುವುದಕ್ಕೆ ಇದೊಂದು ಕಾರಣ.

ನದಿಯನ್ನು ಬಲ್ಲವರು ಇಂಥ ನೀರನ್ನು ಪುಸ್ತಕದಂತೆ ಓದುತ್ತಾರೆ. ಎರಡು ಬಂಡೆಗಳ ನಡುವೆ ನಯವಾದ ನೀರು ನಾಲಗೆಯಂತೆ ಚಾಚಿ, ಅದರ ತುದಿ ಕೆಳಗಿನ ಹರಿವಿನತ್ತ ಚೂಪಾಗಿದ್ದರೆ ಅದು ದಾರಿ. ಚೂಪು ಮೇಲ್ಮುಖವಾಗಿದ್ದರೆ ಅಲ್ಲಿ ನೀರಿನಡಿ ಬಂಡೆ ಕೂತಿದೆ ಎಂದರ್ಥ. ದೊಡ್ಡ ಬಂಡೆಯ ಹಿಂದೆ ನೀರು ತಿರುಗಿ ಮೇಲಕ್ಕೆ ಹರಿಯುವ ಶಾಂತ ಜಾಗವಿರುತ್ತದೆ. ಪರಿಣತರು ಅದನ್ನು ಎಡ್ಡಿ ಎನ್ನುತ್ತಾರೆ. ದೋಣಿಗೆ ಅದು ತಂಗುದಾಣ. ನೀರು ಎತ್ತರದಿಂದ ಧುಮುಕಿ ತನ್ನ ಮೇಲೆಯೇ ಮಗುಚಿಕೊಳ್ಳುವ ಜಾಗ ಮಾತ್ರ ಹೆದರಬೇಕಾದದ್ದು. ಸಿಕ್ಕಿದ್ದನ್ನು ಅಲ್ಲೇ ಉರುಳಿಸುತ್ತ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕಿಂತಲೂ ಕೆಟ್ಟದ್ದು ನೀರಿಗೆ ಒರಗಿದ ಮರ. ಕೊಂಬೆಗಳ ಸಂದಿಯಲ್ಲಿ ನೀರು ನುಸುಳಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಪ್ರತಿ ಮಳೆಗಾಲದಲ್ಲೂ ದಡದ ಮರಗಳು ಬೀಳುವ ಭದ್ರೆಯಲ್ಲಿ ಈ ಅಪಾಯವನ್ನು ದಿನವೂ ಹೊಸದಾಗಿ ನೋಡಿಕೊಳ್ಳಬೇಕು.

ಬಿರುನೀರಿಗೆ ಪ್ರಪಂಚದೆಲ್ಲೆಡೆ ಆರು ದರ್ಜೆಗಳಿವೆ. ಒಂದು ಎಂದರೆ ಸಣ್ಣ ಅಲೆ. ಎರಡು ಎಂದರೆ ಸ್ಪಷ್ಟ ದಾರಿಯಿರುವ ಹಗುರ ಸೆಳವು. ಮೂರರಲ್ಲಿ ಅಲೆಗಳು ದೋಣಿಯನ್ನು ತೋಯಿಸುತ್ತವೆ; ಹುಟ್ಟು ಹಾಕುವವರು ಒಟ್ಟಾಗಿ ಕೆಲಸ ಮಾಡಬೇಕು. ನಾಲ್ಕು, ಐದು ಪಳಗಿದವರಿಗೆ. ಆರು ಎಂದರೆ ಪ್ರಾಣದ ಹಂಗು ತೊರೆದವರಿಗೆ. ಭದ್ರೆಯ ದೋಣಿ ಓಡಾಟ ಸಾಮಾನ್ಯವಾಗಿ ಎರಡು ಮತ್ತು ಮೂರರ ನಡುವಿನದು. ಆದರೆ ಮೇಲ್ಭದ್ರೆಗೆ ದೊಡ್ಡ ಅಣೆಕಟ್ಟಿನ ಕಡಿವಾಣವಿಲ್ಲ. ದಾಂಡೇಲಿಯ ಕಾಳಿ ನದಿಯಲ್ಲಿ ಸೂಪಾ ಜಲಾಶಯದಿಂದ ಬಿಟ್ಟ ನೀರಿನ ಲೆಕ್ಕದ ಮೇಲೆ ದೋಣಿ ಹೊರಡುತ್ತದೆ. ಭದ್ರೆಯಲ್ಲಿ ಲೆಕ್ಕ ಇಡುವುದು ಆಕಾಶ. ಬೆಳಿಗ್ಗೆ ಎರಡರ ದರ್ಜೆಯಲ್ಲಿದ್ದ ಜಾಗ ಸಂಜೆಯ ಹೊತ್ತಿಗೆ ಮೂರನ್ನು ದಾಟಿರಬಹುದು.

ವಯಸ್ಸು ಸುಳ್ಳು ಹೇಳುವುದಿಲ್ಲ

ದೋಣಿ ನಡೆಸುವವರು ಸಾಮಾನ್ಯವಾಗಿ 14 ವರ್ಷಕ್ಕಿಂತ ಚಿಕ್ಕವರನ್ನು ಹತ್ತಿಸಿಕೊಳ್ಳುವುದಿಲ್ಲ. ಮೇಲಿನ ಮಿತಿ ಕೆಲವೆಡೆ 60, ಕೆಲವೆಡೆ 65. ಇದು ಅವಮಾನದ ಮಾತಲ್ಲ. ನಡುವಯಸ್ಸು ದಾಟಿದ ಮೇಲೆ ಸ್ನಾಯುಬಲ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಮೂಳೆ ಸವೆಯುತ್ತದೆ. ಕಿವಿಯಿಂದ ಕೈಗೆ ಆಜ್ಞೆ ತಲುಪುವುದು ಅರೆಕ್ಷಣ ತಡವಾಗುತ್ತದೆ. ಒದ್ದೆ ಮೈ ಬೇಗ ತಣ್ಣಗಾಗುತ್ತದೆ. ಎರಡು ಗಂಟೆ ಮಳೆಯಲ್ಲಿ ನೆಂದು ಕೂತರೆ ಹುಡುಗರಿಗೆ ನಡುಕ ಹತ್ತುವ ಮೊದಲೇ ಹಿರಿಯರಿಗೆ ಹತ್ತುತ್ತದೆ.

ಔಷಧಿಗಳ ಲೆಕ್ಕ ಬೇರೆಯೇ ಇದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಬಂಡೆ ತಗಲಿದ ಸಣ್ಣ ಪೆಟ್ಟೂ ದೊಡ್ಡ ರಕ್ತಸ್ರಾವವಾಗಬಹುದು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಹೃದಯದ ಬಡಿತ ಏರಲು ಬಿಡುವುದಿಲ್ಲ; ಶ್ರಮ ಬೇಗ ದಣಿಸುತ್ತದೆ. ಮಧುಮೇಹಿಗಳು ಊಟ ತಪ್ಪಿಸಿ ದೋಣಿ ಹತ್ತಿದರೆ ನಡುನೀರಿನಲ್ಲಿ ಸಕ್ಕರೆ ಕುಸಿಯಬಹುದು. ಹೃದಯದ ಶಸ್ತ್ರಚಿಕಿತ್ಸೆಯಾದವರು, ಬೆನ್ನು ಕತ್ತಿನ ಮೂಳೆಯ ತೊಂದರೆಯಿರುವವರು ವೈದ್ಯರ ಒಪ್ಪಿಗೆ ಇಲ್ಲದೆ ದಡ ಬಿಡಬಾರದು.

ಸಣ್ಣಪುಟ್ಟ ಸಂಗತಿಗಳೂ ಇವೆ. ಕಟ್ಟಿದ ಹಲ್ಲಿನ ಸೆಟ್ಟನ್ನು ತೆಗೆದು ಡಬ್ಬಿಯಲ್ಲಿಟ್ಟು ಹೋಗುವುದು ಲೇಸು. ಮೊದಲ ಅಲೆಗೇ ಅದು ಭದ್ರೆಯ ಪಾಲಾದೀತು. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಬೇಕು. ಶ್ರವಣಯಂತ್ರವನ್ನು ನೀರಿಗೆ ಒಯ್ಯುವಂತಿಲ್ಲ. ಹಾಗಾಗಿ ಕಿವಿ ಮಂದವಾದವರು ಅದನ್ನು ಮೊದಲೇ ಹೇಳಿ, ಮಾರ್ಗದರ್ಶಿಯ ಕೈಗೆ ಹತ್ತಿರ ಕೂರಬೇಕು. ‘ಮುಂದಕ್ಕೆ’, ‘ಹಿಂದಕ್ಕೆ’, ‘ನಿಲ್ಲಿಸಿ’, ‘ಕೆಳಗೆ ಕುಳಿತುಕೊಳ್ಳಿ’ - ದೋಣಿಯಲ್ಲಿ ಕೇಳಬೇಕಾದ ಆಜ್ಞೆಗಳು ನಾಲ್ಕೈದೇ. ಆದರೆ ಅವು ಕೇಳಿಸಲೇಬೇಕು. ಸೀರೆ, ಪಂಚೆಗಳಿಗೆ ಅಲ್ಲಿ ಜಾಗವಿಲ್ಲ. ಕಾಲಿಗೆ ತೊಡರುವ ಬಟ್ಟೆ ನೀರಿನಲ್ಲಿ ಶತ್ರು. ಕಾಲಿಗೆ ಚಪ್ಪಲಿಯ ಬದಲು ಬಿಗಿಯಾದ ಬೂಟು ಬೇಕು.

ಇನ್ನು ಹಿರಿಯರ ಪಾಲಿಗೆ ಜಾರುವ ಅಪಾಯ ಹೆಚ್ಚು ಇರುವುದು ನದಿಯಲ್ಲಲ್ಲ, ದಡದಲ್ಲಿ. ತೋಟದ ಕಾಲುದಾರಿ, ಪಾಚಿಗಟ್ಟಿದ ಕಲ್ಲು, ಮೊಣಕಾಲಿನ ಮಟ್ಟದ ಕೆಸರು, ಸಾಲದ್ದಕ್ಕೆ ಇಂಬಳಗಳ ಕಾಟ. ಇಲ್ಲಿ ಒಂದು ಊರುಗೋಲು ಎಷ್ಟೋ ಸೊಂಟಗಳನ್ನು ಉಳಿಸೀತು.

ಎಂಬತ್ತೇಳರ ಅಂಬಿಗ

ಇಷ್ಟೆಲ್ಲ ಎಚ್ಚರಿಕೆ ಕೇಳಿದವರು ‘ಹಾಗಾದರೆ ಮನೆಯಲ್ಲೇ ಇರುವುದು ವಾಸಿ’ ಎಂದಾರು. ಅಂಥವರು ಅಮೆರಿಕದ ಮಾರ್ಟಿನ್ ಲಿಟನ್ ಕಥೆ ಕೇಳಬೇಕು. ಕೊಲೊರಾಡೊ ನದಿಗೆ ಅಣೆಕಟ್ಟು ಬೇಡವೆಂದು ಹೋರಾಡಿದ ಪತ್ರಕರ್ತ ಈತ. ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿಯ ಬಿರುನೀರಿನಲ್ಲಿ ಮರದ ಪುಟ್ಟ ದೋಣಿಗಳನ್ನು ನಡೆಸಿದ. 2004ರಲ್ಲಿ, ತನ್ನ 87ನೆಯ ವಯಸ್ಸಿನಲ್ಲಿ, ಅದೇ ಕಮರಿಯಲ್ಲಿ ಮತ್ತೆ ಹುಟ್ಟು ಹಿಡಿದ. 2014ರಲ್ಲಿ ತೀರಿಕೊಂಡಾಗ ಅವನಿಗೆ 97. ಅದೇ ನದಿಯಲ್ಲಿ ಜಾರ್ಜಿ ಕ್ಲಾರ್ಕ್ ಎಂಬ ಹೆಣ್ಣುಮಗಳು ಮೂರು ರಬ್ಬರ್ ದೋಣಿಗಳನ್ನು ಜೋಡಿಸಿ ಕಟ್ಟಿ ಪ್ರಯಾಣಿಕರನ್ನು ಕರೆದೊಯ್ಯುವ ಉಪಾಯ ಕಂಡುಕೊಂಡಳು. 1910ರಲ್ಲಿ ಹುಟ್ಟಿದ ಆಕೆ ಎಂಬತ್ತರ ಹೊಸ್ತಿಲವರೆಗೂ ನದಿ ಬಿಡಲಿಲ್ಲ.

ನಮ್ಮ ದೇಶದ ಬಿರುನೀರಿಗೂ ಒಬ್ಬ ಹಿರಿಯ ಅತಿಥಿ ಬಂದದ್ದುಂಟು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1977ರಲ್ಲಿ ಬಂಗಾಳ ಕೊಲ್ಲಿಯಿಂದ ಗಂಗೆಯ ಎದುರು ಹರಿವಿಗೆ ಜೆಟ್ ದೋಣಿಗಳಲ್ಲಿ ಹೊರಟಾಗ ಅವರಿಗೆ 58. ನಂದಪ್ರಯಾಗದ ಬಳಿ ಜಲಪಾತವೊಂದು ದೋಣಿಗಳನ್ನು ತಡೆಯುವವರೆಗೂ ಅವರು ನೀರಿನಲ್ಲಿ ಗೆದ್ದರು. ಆಮೇಲೆ ಕಾಲ್ನಡಿಗೆಯಲ್ಲಿ ಬೆಟ್ಟ ಏರುವಾಗ ಎತ್ತರದ ಕಾಯಿಲೆ ಹಿಡಿದು, ಸಂಗಡಿಗರು ಅವರನ್ನು ಕೆಳಗೆ ಇಳಿಸಬೇಕಾಯಿತು. ಮೈ ಬೇಡವೆಂದಾಗ ಇಳಿದು ಬರುವುದೂ ಸಾಹಸದ ಒಂದು ಭಾಗವೇ.

ಅಷ್ಟು ದೂರ ಹೋಗಲೂ ಬೇಕಾಗಿಲ್ಲ. ಇದೇ ಭದ್ರೆಯ ನೀರು ತುಂಗೆಯೊಡನೆ ಸೇರಿ ಹಂಪಿ, ಆನೆಗೊಂದಿಗಳನ್ನು ಮುಟ್ಟುತ್ತದೆ. ಅಲ್ಲಿ ಬಂಡೆಗಳ ನಡುವಿನ ಸೆಳವಿನಲ್ಲಿ ಹರಿಗೋಲು ಹಾಕುವುದು ತಲೆಮಾರುಗಳಿಂದ ಬಂದ ಕಸುಬು. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು, ಒಳಗೆ ಬೆತ್ತ, ಹೊರಗೆ ತೊಗಲು ಹೊದಿಸಿದ ಈ ದೋಣಿಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ಕುದುರೆ, ಎತ್ತುಗಳೂ ಅದರಲ್ಲಿ ಹೊಳೆ ದಾಟುತ್ತಿದ್ದವಂತೆ. ಹರಿಗೋಲಿಗೆ ಮುಂದು ಹಿಂದು ಇಲ್ಲ. ತೋಳಿನ ಬಲಕ್ಕಿಂತ ನೀರಿನ ಪರಿಚಯ ಅಲ್ಲಿ ಮುಖ್ಯ. ಆ ಕಸುಬಿನಲ್ಲಿ ನರೆಗೂದಲು ಯೋಗ್ಯತೆಯ ಗುರುತೇ ಹೊರತು ಕೊರತೆಯದ್ದಲ್ಲ.

ರಬ್ಬರ್ ದೋಣಿಯಲ್ಲೂ ಮಾತು ಅದೇ. ಹುಟ್ಟು ಹಾಕುವುದು ತೋಳಿನಿಂದ ಎಂದು ಭಾವಿಸಿದ ತರುಣ ಹತ್ತು ನಿಮಿಷಕ್ಕೆ ಸುಸ್ತಾಗುತ್ತಾನೆ. ಸೊಂಟದಿಂದ ಮುಂದೆ ಬಾಗಿ, ಹುಟ್ಟನ್ನು ನೀರಿನಲ್ಲಿ ಊರಿ, ಬೆನ್ನಿನಿಂದ ಎಳೆಯಬೇಕು. ತೋಟದಲ್ಲಿ ಗುದ್ದಲಿ ಹಿಡಿದವರಿಗೆ, ಬಾವಿಯ ಹಗ್ಗ ಎಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಭುಜದ ಎತ್ತರ ದಾಟಿ ಕೈಯನ್ನು ಹಿಂದಕ್ಕೆ ಚಾಚದಿದ್ದರೆ ಸಾಕು, ತೋಳಿನ ಕೀಲು ತಪ್ಪುವ ಭಯವಿಲ್ಲ. ಹಿರಿಯರಿಗೆ ಇನ್ನೊಂದು ಅನುಕೂಲವೂ ಇದೆ: ಅವರಿಗೆ ಯಾರೆದುರೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲ. ಮಾರ್ಗದರ್ಶಿ ನಿಲ್ಲಿಸಿ ಎಂದಾಗ ನಿಲ್ಲಿಸುತ್ತಾರೆ.

ಹೆದರಿದ ನದಿಯೊಡನೆ

ಜನಗಣತಿಯ ಒಂದು ಅಂಕಿ ಇಲ್ಲಿ ನೆನೆಯಬೇಕು. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11.40 ಲಕ್ಷ. 2011ರಲ್ಲಿ 11.37 ಲಕ್ಷ. ರಾಜ್ಯವೆಲ್ಲ ಬೆಳೆದ ಹತ್ತು ವರ್ಷಗಳಲ್ಲಿ ಈ ಜಿಲ್ಲೆ ಕುಗ್ಗಿತು. ಹೋದವರು ಎಲ್ಲಿಗೆ ಹೋದರೆಂದು ಕೇಳಬೇಕಾಗಿಲ್ಲ. ಕಳಸ, ಹೊರನಾಡು ಸೀಮೆಯ ಎಷ್ಟೋ ಒಂಟಿಮನೆಗಳಲ್ಲಿ ಮಳೆಗಾಲ ಕಳೆಯುವವರು ಇಬ್ಬರೇ, ಗಂಡ ಹೆಂಡತಿ. ಕಾಫಿ ಕೊಯ್ಲಿಗೆ ಇನ್ನೂ ನಾಲ್ಕು ತಿಂಗಳು. ಅಡಿಕೆಗೆ ಕೊಳೆಯೌಷಧಿ ಹೊಡೆದಾಗಿದೆ. ವಿದ್ಯುತ್ ಹೋಗಿ ಮೂರು ದಿನ. ಜಗಲಿಯಲ್ಲಿ ಕೂತು ಮಳೆ ನೋಡುವುದು, ನೆಟ್‌ವರ್ಕ್ ಸಿಕ್ಕಾಗ ಬೆಂಗಳೂರಿನ ಮಗನಿಗೆ ಮಳೆಯ ವರದಿ ಒಪ್ಪಿಸುವುದು. ಅದೇ ಮಗ ಕಚೇರಿಯ ಗೆಳೆಯರನ್ನು ಕಟ್ಟಿಕೊಂಡು ಊರಿನ ನದಿಗೇ ರಾಫ್ಟಿಂಗ್‌ಗೆ ಬರುತ್ತಾನೆ. ಅಪ್ಪ ‘ನಾನೂ ಬರುತ್ತೇನೆ’ ಎಂದರೆ ‘ನಿಮಗೆ ಯಾಕಪ್ಪ ಈ ವಯಸ್ಸಿನಲ್ಲಿ’ ಎನ್ನುತ್ತಾನೆ.

ಅಪ್ಪನಿಗೆ ಯಾಕೆ ಬೇಕೆಂದರೆ, ಆ ನದಿಯ ಮಗ್ಗುಲಲ್ಲಿ ಅರವತ್ತು ವರ್ಷ ಬದುಕಿಯೂ ಮಳೆಗಾಲದಲ್ಲಿ ಒಮ್ಮೆಯೂ ಅದರ ಮೇಲೆ ಹೋದವನಲ್ಲ. ಹೊಳೆಗೆ ಇಳಿಯಬೇಡ ಎಂದು ಬೈಸಿಕೊಂಡು ಬೆಳೆದ ತಲೆಮಾರು ಅದು. ಕಾಲುಸಂಕದ ಮೇಲೆ ಶಾಲೆಗೆ ಹೋದವರು. ಮಳೆಗಾಲದಲ್ಲಿ ಹೆರಿಗೆ ನೋವು ಬಂದರೆ ಹೊಳೆಯಾಚೆ ವೈದ್ಯರಿದ್ದರೂ ಇಲ್ಲದಂತೆಯೇ ಆಗಿದ್ದ ಕಾಲವನ್ನು ಕಂಡವರು. ನದಿ ದಂಡೆಯ ಹಳ್ಳಿಗಳಲ್ಲಿ ನೀರುಪಾಲಾದವರ ಒಂದು ನೆನಪಾದರೂ ಇಲ್ಲದ ಮನೆತನ ಅಪರೂಪ. 2019ರ ಆಗಸ್ಟ್‌ನಲ್ಲಿ ಮಲೆನಾಡಿನಲ್ಲಿ ಗುಡ್ಡಗಳು ಜರಿದು ಹೊಳೆಗಳು ಉಕ್ಕಿದ್ದು ಇನ್ನೂ ಹಸಿ ಗಾಯ. ಹೀಗೆ ಭದ್ರೆಯನ್ನು ಪೂಜಿಸಿ, ಬಾಗಿನ ಕೊಟ್ಟು, ಹೆದರಿ ದೂರವಿಟ್ಟವರು ಹುಟ್ಟು ಹಿಡಿದು ಅದರ ನಡುವೆ ಕೂತಾಗ ಆಗುವುದನ್ನು ಬರೀ ಮೋಜು ಎಂದು ಕರೆದರೆ ಸಾಲದು. ದಡದಿಂದ ಕೇಳುತ್ತಿದ್ದ ಭೋರ್ಗರೆತ ಕಾಲಡಿಗೆ ಬರುತ್ತದೆ. ತಾವೇ ನೆಟ್ಟ ಸಿಲ್ವರ್ ಮರಗಳ ಸಾಲು, ತಮ್ಮದೇ ಗದ್ದೆಯ ಬದು ನದಿಯ ಕಡೆಯಿಂದ ಬೇರೆಯೇ ಆಗಿ ಕಾಣುತ್ತದೆ. ಸೆಳವು ದಾಟಿ ಮಡುವಿಗೆ ಬಂದಾಗ ದೋಣಿ ತಾನಾಗಿ ನಿಧಾನವಾಗುತ್ತದೆ. ಆಗ ಎಲ್ಲರೂ ಹುಟ್ಟು ಮಡಿಲಲ್ಲಿಟ್ಟು ಸುಮ್ಮನೆ ಕೂರುತ್ತಾರೆ. ನೀರಿನ ಮೇಲೆ ಬೀಳುವ ಮಳೆಹನಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಹೆಂಗಸರ ಮಾತು ಇನ್ನೂ ಒಂದು ತೂಕ ಹೆಚ್ಚು. ಬಟ್ಟೆ ಒಗೆಯಲು, ನೀರು ತರಲು ಹೊಳೆಗೆ ಹೋದವರು ಅವರೇ. ಆಟಕ್ಕೆಂದು ಇಳಿದದ್ದು ಮಾತ್ರ ಇಲ್ಲ. ಗಂಡನ ಷಷ್ಟ್ಯಬ್ದಿಗೆ ನೂರು ಜನಕ್ಕೆ ಬಡಿಸಿದ ಕೈ ಒಂದು ಮಧ್ಯಾಹ್ನ ಹುಟ್ಟು ಹಿಡಿದರೆ ಆಕ್ಷೇಪಿಸುವವರಾರು?

ಬೇಡ ಎನ್ನುವ ಧೈರ್ಯ

ಅಪಘಾತಗಳ ಮೂಲ ಬಹಳ ಸಲ ನದಿಯಲ್ಲಿಲ್ಲ, ದುರಾಸೆಯಲ್ಲಿದೆ. 2022ರ ಏಪ್ರಿಲ್‌ನಲ್ಲಿ ಕಾಳಿ ನದಿಯಲ್ಲಿ ಸಾಮರ್ಥ್ಯಕ್ಕಿಂತ ಹೆಚ್ಚು ಪ್ರವಾಸಿಗರನ್ನು ತುಂಬಿದ್ದ ದೋಣಿಯೊಂದು ಸೆಳವಿಗೆ ಸಿಕ್ಕು, ಜನ ಪಾರಾದದ್ದೇ ದೊಡ್ಡದಾಯಿತು. ಆ ದೃಶ್ಯವನ್ನು ನಾಡೆಲ್ಲ ನೋಡಿತು. ಆದ್ದರಿಂದ ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಪರವಾನಗಿ ಇದೆಯೇ? ಒಂದು ದೋಣಿಗೆ ಎಷ್ಟು ಜನ? ಮಾರ್ಗದರ್ಶಿ ಎಲ್ಲಿ ತರಬೇತಾದವರು? ಬಿದ್ದವರಿಗೆ ಎಸೆಯುವ ಹಗ್ಗದ ಚೀಲ ಇದೆಯೇ? ಜೊತೆಗೆ ರಕ್ಷಣೆಗೆ ಇನ್ನೊಂದು ದೋಣಿ ಅಥವಾ ಕಯಾಕ್ ಬರುತ್ತದೆಯೇ? ನಡುವೆ ಬೇಡವೆನಿಸಿದರೆ ಎಲ್ಲಿ ಇಳಿದು ರಸ್ತೆ ಸೇರಬಹುದು? ಕೊನೆಯ ಪ್ರಶ್ನೆ ಹಿರಿಯರದ್ದೇ. ಇದಕ್ಕೆ ಸರಿಯಾದ ಉತ್ತರ ಕೊಡಲಾಗದವರ ದೋಣಿ ಹತ್ತದಿರುವುದೇ ಕ್ಷೇಮ.

ನೀರಿಗೆ ಬಿದ್ದರೆ ಏನು ಮಾಡಬೇಕೆಂಬುದನ್ನು ದಡದಲ್ಲೇ ಮೈಗೂಡಿಸಿಕೊಳ್ಳಬೇಕು. ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಹೆಬ್ಬೆರಳು ನೀರಿನ ಮೇಲೆ ಕಾಣುವಂತೆ ತೇಲಬೇಕು. ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ಪಾದ ಬಂಡೆಗಳ ಸಂದಿಗೆ ಸಿಕ್ಕಿದರೆ ಸೊಂಟದ ಮಟ್ಟದ ನೀರೂ ಮನುಷ್ಯನನ್ನು ಮಡಿಚಿ ಮುಳುಗಿಸುತ್ತದೆ. ದೋಣಿಗೆ ಮರಳಿ ಹತ್ತಲು ಸ್ವಂತ ಬಲ ಸಾಲದು. ಒಳಗಿದ್ದವರು ಜಾಕೆಟ್ಟಿನ ಹೆಗಲುಪಟ್ಟಿ ಹಿಡಿದು ಎಳೆದುಕೊಳ್ಳುತ್ತಾರೆ. ಆ ಪಟ್ಟಿ ಸಡಿಲವಾಗಿದ್ದರೆ ಜಾಕೆಟ್ ಕೈಗೆ ಬರುತ್ತದೆ, ಮನುಷ್ಯ ಬರುವುದಿಲ್ಲ. ಉಸಿರು ಬಿಗಿಯುತ್ತದೆಂದು ಪಟ್ಟಿ ಸಡಿಲಿಸುವ ಹಿರಿಯರು ಇದನ್ನು ನೆನಪಿಡಬೇಕು.

ಯಾವ ಮಳೆಯಲ್ಲಿ ಹೋಗಬೇಕು ಎಂಬುದನ್ನು ಮಲೆನಾಡಿನ ಹಿರಿಯರಿಗೆ ಪಂಚಾಂಗವೇ ಹೇಳುತ್ತದೆ. ಪುನರ್ವಸು, ಪುಷ್ಯ, ಆಶ್ಲೇಷ - ಜುಲೈ ಮೊದಲ ವಾರದಿಂದ ಆಗಸ್ಟ್ ಮಧ್ಯದವರೆಗಿನ ಈ ಮಳೆಗಳು ಬಿರುಸಿನವು. ನೀರು ಗಂಟೆಗಂಟೆಗೂ ಏರಿಳಿಯುತ್ತದೆ. ಮಘೆ ಕಳೆದು ಹುಬ್ಬೆ ಹೊಕ್ಕಾಗ, ಎಂದರೆ ಆಗಸ್ಟ್ ಕೊನೆಯಿಂದ, ಸುರಿತ ತಗ್ಗುತ್ತದೆ. ನದಿ ತುಂಬಿಯೇ ಇರುತ್ತದೆ, ಆದರೆ ಅದರ ಹುಚ್ಚು ಇಳಿದಿರುತ್ತದೆ. ಕೆಸರು ತಳ ಸೇರಿ ನೀರು ತಿಳಿಯಾಗತೊಡಗುತ್ತದೆ. ಬಿಸಿಲಿನ ಒಂದೆರಡು ತಾಸೂ ಸಿಗುತ್ತವೆ. ವಯಸ್ಸಾದವರಿಗೆ ಹೇಳಿ ಮಾಡಿಸಿದ ಕಾಲ ಇದು.

ಒಮ್ಮೆಗೇ ಮೂರನೆಯ ದರ್ಜೆಗೆ ಹಾರುವುದೂ ಬೇಡ. ಮೊದಲು ನಿಂತ ನೀರಿನಲ್ಲಿ ಕಯಾಕ್ ಅಥವಾ ಹರಿಗೋಲಿನಲ್ಲಿ ಕೂತು ಹುಟ್ಟಿನ ಹಿಡಿತ ಕಲಿಯಬಹುದು. ಅನಂತರ ದುಬಾರೆಯ ಕಾವೇರಿಯಂಥ ಹಗುರ ಸೆಳವು. ಆಮೇಲೆ ಭದ್ರೆ. ಕಲಿಯುವ ಉತ್ಸಾಹವಿದ್ದವರಿಗೆ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ದಿನಕ್ಕೆ ಅರ್ಧ ಗಂಟೆ ನಡಿಗೆ, ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವ ಅಭ್ಯಾಸ ಎರಡು ತಿಂಗಳ ಮೊದಲೇ ಶುರುವಾದರೆ ದೋಣಿಯಲ್ಲಿ ಮಂಡಿ ಮುನಿಯುವುದಿಲ್ಲ.

ಹೋಗುವುದು ಹೇಗೆ?

ಹೊರನಾಡು ಚಿಕ್ಕಮಗಳೂರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿದೆ. ಮೂಡಿಗೆರೆ, ಕೊಟ್ಟಿಗೆಹಾರ, ಕಳಸ ಒಂದು ದಾರಿ. ಬಾಳೆಹೊನ್ನೂರು, ಮಾಗುಂಡಿ, ಬಾಳೆಹೊಳೆ, ಕಳಸ ಇನ್ನೊಂದು. ಕರಾವಳಿಯವರು ಕಾರ್ಕಳದಿಂದ ಕುದುರೆಮುಖ, ಸಂಸೆಯ ಮೇಲೆ ಬರಬಹುದು. ಬೆಂಗಳೂರಿನಿಂದ ಹೊರನಾಡಿಗೆ ರಾತ್ರಿ ಬಸ್ಸುಗಳಿವೆ. ಮಳೆಗಾಲದಲ್ಲಿ ಹೊರಡುವ ಮುನ್ನ ಘಟ್ಟದ ರಸ್ತೆ ಮತ್ತು ಹೆಬ್ಬಾಳೆ ಸೇತುವೆಯ ಸ್ಥಿತಿ ವಿಚಾರಿಸಿಕೊಳ್ಳಬೇಕು.

ದೋಣಿಯ ಓಡಾಟ ಒಂದೆರಡು ಗಂಟೆಯದು. ಪ್ರವಾಹದ ಮುನ್ನೆಚ್ಚರಿಕೆ ಇದ್ದ ದಿನ ಅದು ಇರುವುದಿಲ್ಲ, ಇರಲೂ ಬಾರದು. ಒಣ ಬಟ್ಟೆ, ಟವೆಲು, ದಿನದ ಮಾತ್ರೆಗಳು, ಸ್ವಲ್ಪ ಬೆಲ್ಲ ಅಥವಾ ಬಾಳೆಹಣ್ಣನ್ನು ಇಳಿಯುವ ಜಾಗದಲ್ಲಿ ಸಿಗುವಂತೆ ವಾಹನದಲ್ಲಿಡಬೇಕು. ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಮರೆಯಬಾರದು. ಊಟದ ಚಿಂತೆ ಬೇಡ: ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಅನ್ನಪ್ರಸಾದ ಉಂಟು. ಉಂಡು ಕೂಡಲೇ ದೋಣಿ ಹತ್ತದೆ, ದೋಣಿ ಇಳಿದು, ಮೈ ಒರೆಸಿ, ಒಣ ಬಟ್ಟೆ ತೊಟ್ಟು ಪಂಕ್ತಿಗೆ ಕೂರುವುದು ಒಳ್ಳೆಯದು. ಹಸಿವು ಆಗ ಚೆನ್ನಾಗಿರುತ್ತದೆ.